ನಡವಳಿಗೆ ಸೇರಬೇಕಾದ ಮಾತು

ಹಾಸನದಿಂದ ಮಂಗಳೂರಿಗೆ ಇಳಿಯುವ ಹೆದ್ದಾರಿಯು ಸಕಲೇಶಪುರದಲ್ಲಿ ಹೇಮಾವತಿಯನ್ನು ದಾಟಿ, ದೋಣಿಗಾಲಿನ ತಿರುವುಗಳನ್ನು ಹಿಂದಿಕ್ಕಿ, ಶಿರಾಡಿ ಘಾಟಿಯ ಇಳಿಜಾರನ್ನು ಮುಟ್ಟುವೆಡೆಯಲ್ಲಿ ಮಾರನಹಳ್ಳಿ ಎಂಬ ಊರಿದೆ. ಆ ದಾರಿಯಲ್ಲಿ ಎಂದೂ ಪ್ರಯಾಣ ಮಾಡದವರಿಗೂ ಊರಿನ ಹೆಸರು ಪರಿಚಿತವೇ; ಏಕೆಂದರೆ ವರ್ತಮಾನ ಪತ್ರಿಕೆಗಳು ಅದನ್ನು ಪದೇ ಪದೇ ಅಚ್ಚು ಮಾಡಿವೆ. ಹಾಸನ–ಮಾರನಹಳ್ಳಿ ಚತುಷ್ಪಥ ರಸ್ತೆ, ಮಾರನಹಳ್ಳಿಯಿಂದ ಅಡ್ಡಹೊಳೆಗೆ ಸುರಂಗ ಕೊರೆಯುವ ಪ್ರಸ್ತಾವ, ೨೦೨೪ರ ಜುಲೈ ಮಳೆಯಲ್ಲಿ ದೊಡ್ಡತಪ್ಪಲಿನ ಬಳಿ ರಸ್ತೆಯ ಮೇಲೆ ಜಾರಿಬಂದ ಗುಡ್ಡ, ಅದೇ ವರ್ಷದ ಸೆಪ್ಟೆಂಬರ್ ೬ರಂದು ತಾಲ್ಲೂಕಿನ ನೆಲದಲ್ಲಿಯೇ ನೀರೆತ್ತಲಾರಂಭಿಸಿದ ಎತ್ತಿನಹೊಳೆ ಯೋಜನೆ, ಇವೆಲ್ಲವೂ ಈ ಸೀಮೆಯ ಗುಡ್ಡಗಳನ್ನೂ ಹಳ್ಳಗಳನ್ನೂ ತೋಟಗಳನ್ನೂ ನೇರವಾಗಿ ತಟ್ಟಿದ ಸಂಗತಿಗಳು. ಈ ಯೋಜನೆಗಳಲ್ಲಿ ಒಂದರ ನಿರ್ಣಯವೂ ಇಲ್ಲಿ ಆದುದಲ್ಲ. ದೆಹಲಿಯ ಮಂತ್ರಾಲಯದಲ್ಲಿಯೂ ಬೆಂಗಳೂರಿನ ಸಚಿವಾಲಯದಲ್ಲಿಯೂ ರೇಖೆ ಎಳೆದವರು ಎಳೆದರು. ಅಗೆಯುವ ಯಂತ್ರ ಅಂಗಳದ ಅಂಚಿಗೆ ಬಂದು ನಿಂತಾಗಲಷ್ಟೆ ಊರಿನವರಿಗೆ ಅದು ತಿಳಿಯಿತು. ಹೀಗಿರಲಾಗಿ, ಇಂಥ ಊರಿನ ಸಾಮಾನ್ಯ ನಿವಾಸಿಗೆ ಆಡಳಿತದಲ್ಲಿ ಭಾಗವಹಿಸೆಂದು ಹೇಳುವುದು ಬರಿಯ ಉಪಚಾರದ ಮಾತೆಂದು ಯಾರಿಗಾದರೂ ತೋರಿದರೆ ಆಶ್ಚರ್ಯವಿಲ್ಲ.

ಆದರೂ ಆ ನಿವಾಸಿಗೆ ಒಂದು ಸ್ಥಾನವಿದೆ. ಅದು ಗುತ್ತಿಗೆದಾರನಿಗಾಗಲಿ, ಹೆದ್ದಾರಿಯ ಎಂಜಿನಿಯರಿಗಾಗಲಿ, ಕೊನೆಗೆ ಜಿಲ್ಲಾಧಿಕಾರಿಗಾಗಲಿ ಇಲ್ಲದ ಸ್ಥಾನ. ೧೯೯೩ರ ಏಪ್ರಿಲ್ ೨೪ರಂದು ಜಾರಿಗೆ ಬಂದ ಸಂವಿಧಾನದ ೭೩ನೆಯ ತಿದ್ದುಪಡಿಯ ಪ್ರಕಾರ, ಗ್ರಾಮದ ಮತದಾರರ ಪಟ್ಟಿಯಲ್ಲಿ ಹೆಸರುಳ್ಳ ಪ್ರತಿಯೊಬ್ಬನೂ ಪ್ರತಿಯೊಬ್ಬಳೂ ಗ್ರಾಮಸಭೆಯ ಸದಸ್ಯರು. ಯಾರೂ ಅವರನ್ನು ನಾಮಕರಣ ಮಾಡಬೇಕಾಗಿಲ್ಲ, ಯಾರ ಕೃಪೆಯೂ ಬೇಕಾಗಿಲ್ಲ. ಅದೇ ವರ್ಷ ರಚಿತವಾದ ಕರ್ನಾಟಕದ ಪಂಚಾಯತ್ ರಾಜ್ ಅಧಿನಿಯಮವೂ, ಆನಂತರ ಅದಕ್ಕಾದ ತಿದ್ದುಪಡಿಗಳೂ ಈ ಸ್ಥಾನಕ್ಕೆ ಸ್ಪಷ್ಟವಾದ ರೂಪವನ್ನು ಕೊಟ್ಟಿವೆ. ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ ಸೇರತಕ್ಕದ್ದು. ಮತದಾರರಲ್ಲಿ ಹತ್ತನೆಯ ಒಂದು ಭಾಗ ಅಥವಾ ಇಪ್ಪತ್ತು ಜನ, ಇವೆರಡರಲ್ಲಿ ಯಾವುದು ಕಡಮೆಯೋ ಅಷ್ಟು ಜನ ಇದ್ದರೆ ಕೋರಂ ಆಗುತ್ತದೆ. ಬಂದವರಲ್ಲಿ ನೂರಕ್ಕೆ ಮೂವತ್ತರಷ್ಟಾದರೂ ಸ್ತ್ರೀಯರಿರಬೇಕು. ಯಾವ ಕೆಲಸ ಮೊದಲು ಆಗಬೇಕು, ಯಾರಿಗೆ ಮನೆಯ ಮಂಜೂರಾತಿ ಸಲ್ಲಬೇಕು ಎಂಬುದನ್ನು ಮೊದಲು ಹೇಳತಕ್ಕವರು ಈ ಇಪ್ಪತ್ತು ಜನ. ಪಂಚಾಯಿತಿಯು ವಾರ್ಡುಗಳ ಮಾತನ್ನು ಒಟ್ಟುಗೂಡಿಸಿ ಗ್ರಾಮಸಭೆಯ ಮುಂದಿಟ್ಟು, ಅಲ್ಲಿ ಒಪ್ಪಿಗೆ ಪಡೆದ ಮೇಲೆ ಕ್ರಿಯಾಯೋಜನೆಯನ್ನು ಸಿದ್ಧಪಡಿಸಬೇಕೆಂಬುದು ಕಾನೂನು ಬಯಸುವ ಕ್ರಮ.

ಸಭೆ ಸೇರಿ ಅಹವಾಲು ಹೇಳಿಕೊಳ್ಳುವ ಪದ್ಧತಿ ನಮ್ಮ ಸೀಮೆಗೆ ಹೊಸದಲ್ಲ. ದಿವಾನ್ ರಂಗಾಚಾರ್ಲು ಅವರು ೧೮೮೧ರ ಅಕ್ಟೋಬರ್ ೭ರಂದು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿಗೆ ಸೇರಿಸಿದಾಗ, ರಾಜ್ಯದ ಎಲ್ಲ ಕಡೆಗಳಿಂದ ರೈತರೂ ವರ್ತಕರೂ ಸೇರಿ ೧೪೪ ಮಂದಿ ಕಲೆತರು. ಶಾಸನ ಮಾಡುವ ಅಧಿಕಾರ ಅವರಿಗಿರಲಿಲ್ಲ; ಆಯವ್ಯಯವನ್ನು ತಡೆಯುವ ಅಧಿಕಾರವೂ ಇರಲಿಲ್ಲ; ಸರ್ಕಾರದ ವಾರ್ಷಿಕ ವರದಿಯನ್ನು ಕೇಳಿ ತಮ್ಮ ತಾಲ್ಲೂಕಿನ ಕಷ್ಟವನ್ನು ನಿವೇದಿಸುವಷ್ಟೇ ಅವರ ಭಾಗಕ್ಕಿತ್ತು. ಆದರೂ ದಸರೆಯ ಆ ಸಭೆಗಾಗಿ ಜನ ಗಾಡಿ ಕಟ್ಟಿಕೊಂಡು ಹೋದರು. ಈ ಸಕಲೇಶಪುರ ಸೀಮೆ ಆಗ ಮಂಜರಾಬಾದ್ ಎನಿಸಿಕೊಂಡಿತ್ತು. ಇಲ್ಲಿಯ ಕಾಫಿ ಪ್ಲಾಂಟರ್ ರಾಬರ್ಟ್ ಎಲಿಯಟ್ ಎಂಬವನು ೧೮೯೪ರಲ್ಲಿ ಪ್ರಕಟಿಸಿದ ತನ್ನ ಅನುಭವ ಗ್ರಂಥದಲ್ಲಿ ಚಿನ್ನ, ಬೇಟೆ, ಕಾಫಿಗಳ ಜೊತೆಗೆ ಮೈಸೂರಿನ ಪ್ರತಿನಿಧಿ ಸಭೆಗೂ ಒಂದು ಪ್ರತ್ಯೇಕ ಅಧ್ಯಾಯವನ್ನು ಮೀಸಲಿಟ್ಟನು. ಘಟ್ಟದ ಮೇಲಿನ ತೋಟಗಾರನಿಗೆ ದೂರದ ಮೈಸೂರಿನ ಸಭೆ ಗಣನೆಗೆ ಬರುವಷ್ಟು ಮುಖ್ಯವಾಗಿ ಕಂಡಿತ್ತೆಂಬುದಕ್ಕೆ ಇದು ಸಾಕ್ಷಿ. ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮಲೇರಿಯದಿಂದ ಜನಸಂಖ್ಯೆ ಕ್ಷೀಣಿಸುತ್ತಿದ್ದ ಮಲೆನಾಡಿನ ಸುಧಾರಣೆಗೆಂದೇ ಪ್ರತ್ಯೇಕವಾದ ಯೋಜನೆ ಏರ್ಪಟ್ಟಿತು. ಗ್ರಾಮಗಳಲ್ಲಿ ಸುಧಾರಣಾ ಸಮಿತಿಗಳು ರಚಿತವಾಗಿ, ಊರಿನ ಕೆಲಸಕ್ಕೆ ಊರಿನವರೇ ಕೈಜೋಡಿಸಬೇಕೆಂಬ ತತ್ತ್ವ ಬೇರೂರಿತು. ಆಮೇಲೆ ಬಹುಕಾಲ ಕಳೆದು ರಾಜ್ಯದ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರು ೧೯೮೩ರ ಅಧಿನಿಯಮದಿಂದಲೂ, ೧೯೮೭ರ ಚುನಾವಣೆಗಳಿಂದಲೂ ಮಂಡಲ ಪಂಚಾಯಿತಿಗೂ ಜಿಲ್ಲಾ ಪರಿಷತ್ತಿಗೂ ನಿಜವಾದ ಅಧಿಕಾರವನ್ನು ಕೊಡಿಸಿದರು. ಸ್ತ್ರೀಯರಿಗೆ ನಾಲ್ಕರಲ್ಲಿ ಒಂದು ಸ್ಥಾನವನ್ನು ಆಗಲೇ ಕಾದಿರಿಸಿದರು. ೨೦೧೦ರಲ್ಲಿ ಆ ಮೀಸಲು ಅರ್ಧಕ್ಕೆ ಏರಿತು. ರಂಗಾಚಾರ್ಲು ಅವರ ಕಾಲದಲ್ಲಿ ಅಧಿಕಾರವಿಲ್ಲದಿದ್ದರೂ ಜನ ಸಭೆಗೆ ಹೋದರು. ಈಗ ಅಧಿಕಾರವಿದೆ, ಕುರ್ಚಿಗಳು ಖಾಲಿಯಾಗಿವೆ. ಈ ವೈಪರೀತ್ಯವೇ ನನ್ನನ್ನು ಇದನ್ನು ಬರೆಯುವಂತೆ ಮಾಡಿದುದು.

ಜನ ಏಕೆ ಬರುವುದಿಲ್ಲವೆಂಬುದಕ್ಕೆ ಉದಾಸೀನವೊಂದನ್ನೇ ಕಾರಣವಾಗಿ ಹೇಳುವುದು ಅನ್ಯಾಯ. ಬಯಲುಸೀಮೆಯ ಊರು ಒಂದು ಅರಳಿಕಟ್ಟೆಯ ಸುತ್ತ ಒತ್ತಾಗಿ ನಿಂತಿರುತ್ತದೆ. ಡಂಗುರ ಸಾರಿದರೆ ಎಲ್ಲರ ಕಿವಿಗೂ ಬೀಳುತ್ತದೆ. ಮಲೆನಾಡಿನಲ್ಲಿ ಹಾಗಲ್ಲ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಹಳ್ಳ, ಒಂದು ಕಾಫಿ ತೋಟ, ಒಂದು ಗದ್ದೆ ಬಯಲು. ಪಂಚಾಯಿತಿ ರಚನೆಗೆ ಬೇರೆಡೆ ಐದು ಸಾವಿರ ಜನಸಂಖ್ಯೆ ಬೇಕೆಂದ ಕಾನೂನೇ ಹಾಸನವೂ ಸೇರಿದಂತೆ ಮಲೆನಾಡನ್ನುಳ್ಳ ಜಿಲ್ಲೆಗಳಿಗೆ ಎರಡೂವರೆ ಸಾವಿರ ಸಾಕೆಂದು ಒಪ್ಪಿದ್ದು ಈ ಕಾರಣದಿಂದಲೇ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ ಬಿಡುವು ಕೊಡುವುದಿಲ್ಲ. ನವೆಂಬರಿನಿಂದ ಅರೇಬಿಕಾ, ಅದರ ಹಿಂದೆಯೇ ರೊಬಸ್ಟಾ ಹಣ್ಣಿನ ಕೊಯ್ಲು. ಆ ದಿನಗಳಲ್ಲಿ ಬೆಳಗಿನ ಹನ್ನೊಂದು ಗಂಟೆಗೆ ಸಭೆ ಕರೆದರೆ, ಹೋದವಳಿಗೆ ಅಂದಿನ ಕೂಲಿ ಹೋಗುತ್ತದೆ. ಸಂಜೆ ಕರೆದರೆ ಆನೆಯ ಭಯ. ಆಲೂರು, ಸಕಲೇಶಪುರಗಳ ತೋಟದ ದಾರಿಗಳಲ್ಲಿ ಕತ್ತಲಾದ ಮೇಲೆ ನಡೆದು ಮನೆ ಸೇರುವುದು ಎಂಥ ಸಾಹಸವೆಂಬುದನ್ನು ಇಲ್ಲಿಯವರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಇದಕ್ಕೆ ಪರಿಹಾರ ದುಸ್ಸಾಧ್ಯವೇನೂ ಅಲ್ಲ: ವಾರ್ಡ್ ಸಭೆಯನ್ನು ಕೆಲಸಕ್ಕೆ ರಜೆಯಿರುವ ಸಂತೆಯ ದಿನ ಇಡಬಹುದು, ಪಂಚಾಯಿತಿ ಕಚೇರಿಯಲ್ಲಿಯೇ ಆಗಬೇಕೆಂಬ ಹಟ ಬಿಟ್ಟು ತೋಟದ ಕೂಲಿಯವರು ವಾಸಿಸುವ ಲೈನ್ ಮನೆಗಳ ಅಂಗಳದಲ್ಲಿಯೂ ಸೇರಿಸಬಹುದು. ಆದರೆ ಹಾಗೆ ಮಾಡಿರೆಂದು ಯಾರಾದರೂ ಬರೆದು ಕೊಡಬೇಕು.

ಇನ್ನೊಂದು ಅಡ್ಡಿ ಇದಕ್ಕಿಂತ ಆಳವಾದುದು. ದೊಡ್ಡ ತೋಟದ ಮಾಲೀಕರು ತಮ್ಮ ರಸ್ತೆಯನ್ನೂ ನೀರಿನ ವ್ಯವಸ್ಥೆಯನ್ನೂ ತಾವೇ ಮಾಡಿಕೊಳ್ಳುವುದರಿಂದ ಪಂಚಾಯಿತಿ ಅವರಿಗೆ ಬೇಡವಾಗಿದೆ. ಲೈನಿನಲ್ಲಿ ವಾಸಿಸುವ ಕೂಲಿಯವರಿಗೆ ದೀಪವೂ ನಲ್ಲಿಯೂ ಮಾಲೀಕರಿಂದ ಬರುವುದರಿಂದ, ಕೇಳುವುದಿದ್ದರೆ ತೋಟದ ರೈಟರನ್ನೇ ಕೇಳಬೇಕೆಂಬ ಅಭ್ಯಾಸ ತಲೆಮಾರುಗಳಿಂದ ಉಳಿದುಬಂದಿದೆ. ತಾವು ಯಾವ ವಾರ್ಡಿಗೆ ಸೇರಿದವರೆಂಬುದೇ ಅವರಲ್ಲಿ ಹಲವರಿಗೆ ತಿಳಿಯದು. ಮತದಾರರ ಪಟ್ಟಿಯಲ್ಲಿ ಹೆಸರು ಸೇರುವವರೆಗೆ ಗ್ರಾಮಸಭೆಯ ಸದಸ್ಯತ್ವವೂ ಸಿಕ್ಕದಾದುದರಿಂದ, ತೋಟದಿಂದ ತೋಟಕ್ಕೆ ಹೋಗುವ ಸಂಸಾರಗಳು ಎಲ್ಲಿಯ ಸಭೆಗೂ ಸಲ್ಲದೆ ಉಳಿದುಬಿಡುತ್ತವೆ. ಊರಿನಲ್ಲಿ ಓದುಬರಹ ಬಲ್ಲ ಯುವಕರು ಮಾಡಬಹುದಾದ ಅತ್ಯಂತ ಉಪಯುಕ್ತವಾದ ಕೆಲಸವೆಂದರೆ, ಲೈನಿನಿಂದ ಲೈನಿಗೆ ಹೋಗಿ, ಹೆಸರು ಸೇರಿಸುವ ಅರ್ಜಿಯನ್ನು ತುಂಬಿಸಿಕೊಡುವುದು.

ಗ್ರಾಮಸಭೆಯನ್ನು ಹತ್ತಿರದಿಂದ ನೋಡಿದವರಿಗೆ ಅದರ ಕ್ರಮ ಚೆನ್ನಾಗಿ ಗೊತ್ತು. ಸಮುದಾಯ ಭವನದ ಬಾಗಿಲಲ್ಲಿ ಹಾಜರಿ ಪುಸ್ತಕ. ವೇದಿಕೆಯ ಮೇಲೆ ಅಧ್ಯಕ್ಷರು, ನೋಡಲ್ ಅಧಿಕಾರಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ). ಕೃಷಿ, ತೋಟಗಾರಿಕೆ, ಆರೋಗ್ಯ, ವಿದ್ಯುತ್ತಿನ ಸೆಸ್ಕ್, ಅರಣ್ಯ ಹೀಗೆ ಒಂದೊಂದು ಇಲಾಖೆಯವರೂ ಎದ್ದು ತಮ್ಮ ಯೋಜನೆಗಳನ್ನು ಓದುತ್ತಾರೆ. ಬಾರದ ಇಲಾಖೆಯ ಬಗ್ಗೆ ಒಂದಿಷ್ಟು ಗದ್ದಲವಾಗುತ್ತದೆ. ಮನೆ ಮಂಜೂರಾತಿಯ ಪಟ್ಟಿ ಬರುವ ಹೊತ್ತಿಗೆ ಹಜಾರ ತುಂಬುತ್ತದೆ. ಪಟ್ಟಿ ಮುಗಿದೊಡನೆ ಅರ್ಧ ಜನ ಎದ್ದು ಹೋಗುತ್ತಾರೆ. ಉಳಿದವರಲ್ಲಿ ಒಬ್ಬಾಕೆ ಎದ್ದು, “ಹೋದ ಸಲನೂ ಇದನ್ನೇ ಹೇಳಿದ್ದೆ ಸಾರ್, ಮೋರಿ ಕಟ್ಕೊಂಡು ನೀರೆಲ್ಲ ರಸ್ತೆ ಮೇಲೆ ಬರ್ತಿದೆ, ಮಕ್ಕಳು ಸ್ಕೂಲಿಗೆ ಹೋಗೋ ಹಂಗಿಲ್ಲ” ಎನ್ನುತ್ತಾಳೆ. “ಗಮನಕ್ಕೆ ತಗೊಂಡಿದೀವಿ, ಕೂತ್ಕೊಳ್ಳಮ್ಮ” ಎಂಬ ಉತ್ತರ ಬರುತ್ತದೆ. ಆಕೆ ಕುಳಿತುಕೊಳ್ಳುತ್ತಾಳೆ.

ಕುಳಿತುಕೊಳ್ಳುವ ಮೊದಲು ಆಕೆ ಇನ್ನೆರಡು ಮಾತು ಹೇಳಬೇಕಾಗಿತ್ತು: “ನಡವಳಿಯಲ್ಲಿ ಬರೆದುಕೊಳ್ಳಿ, ಬರೆದದ್ದನ್ನು ಓದಿ ಹೇಳಿ.” ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಈ ಎರಡು ಮಾತುಗಳಲ್ಲಿ ಅಡಗಿದೆ. ಸಭೆಯಲ್ಲಿ ಆಡಿದ ಮಾತು ಎಷ್ಟೇ ನ್ಯಾಯವಾದುದಾಗಿರಲಿ, ಎಷ್ಟೇ ಕಣ್ಣೀರಿನಿಂದ ಕೂಡಿದುದಾಗಿರಲಿ, ನಡವಳಿ ಪುಸ್ತಕಕ್ಕೆ ಸೇರದಿದ್ದರೆ ಸರ್ಕಾರದ ದೃಷ್ಟಿಯಲ್ಲಿ ಅದು ಆಡಿದ ಮಾತೇ ಅಲ್ಲ. ಸೇರಿದ ಮೇಲೆ ಅದಕ್ಕೊಂದು ದಿನಾಂಕವಿದೆ. ಅದರ ನಕಲನ್ನು ೨೦೦೫ರ ಮಾಹಿತಿ ಹಕ್ಕಿನ ಅಡಿಯಲ್ಲಿ ಕೇಳಬಹುದು. ಕೆಲಸವಾಗದಿದ್ದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಯ ಮುಂದೆ ಆ ಪುಟವನ್ನು ಇಡಬಹುದು. ಹೇಳುವ ರೀತಿಯೂ ಮುಖ್ಯ. “ರಸ್ತೆ ಸರಿಮಾಡಿಸಿ” ಎಂದರೆ ಬರೆದುಕೊಳ್ಳುವವನಿಗೆ ಬರೆಯಲು ಏನೂ ಸಿಕ್ಕುವುದಿಲ್ಲ. ಶಾಲೆಯ ಕೆಳಗಿನ ತಿರುವಿನಲ್ಲಿರುವ ಮೋರಿ ಹೋದ ಆಷಾಢದಿಂದ ಕಟ್ಟಿಕೊಂಡಿದೆ, ಅದರ ಪೈಪು ಚಿಕ್ಕದು, ದೊಡ್ಡ ಪೈಪು ಹಾಕುವ ಕೆಲಸವನ್ನು ಈ ವರ್ಷದ ಕ್ರಿಯಾಯೋಜನೆಗೆ ಸೇರಿಸಬೇಕು ಎಂದರೆ, ಅದನ್ನು ತಪ್ಪಿಸುವುದು ಯಾರಿಗೂ ಸುಲಭವಲ್ಲ. ಹಾಗೆಯೇ ವರ್ಷಕ್ಕೊಮ್ಮೆ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ನಡೆಯುವ ಜಮಾಬಂದಿ. ಹಿಂದಿನ ವರ್ಷದ ಖರ್ಚನ್ನೂ ಕಾಮಗಾರಿಯನ್ನೂ ಸಾರ್ವಜನಿಕರ ಎದುರಿನಲ್ಲಿ ತಾಳೆ ನೋಡುವ ಆ ದಿನ, ಲೆಕ್ಕದಲ್ಲಿರುವ ಚರಂಡಿ ನೆಲದ ಮೇಲೆಯೂ ಇದೆಯೇ ಎಂದು ಹೋಗಿ ತೋರಿಸಿರೆಂದು ಕೇಳುವುದು ಹಳ್ಳಿಯವನ ಹಕ್ಕು. ಮಳೆ ಜೋರಾಗಿರುವ ತಿಂಗಳಾದ್ದರಿಂದ ಮಲೆನಾಡಿನಲ್ಲಿ ಚರಂಡಿಯ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಕಾಲವೂ ಇಲ್ಲ.

ಮೋರಿ, ಚರಂಡಿಗಳ ವಿಚಾರ ಸರಿ, ಆದರೆ ಹೆದ್ದಾರಿಯೂ ಆನೆಯೂ ಪಂಚಾಯಿತಿಯ ಕೈಯಲ್ಲಿವೆಯೇ ಎಂದು ಕೇಳುವವರುಂಟು. ಇಲ್ಲ, ಒಂದು ಹೆದ್ದಾರಿ ಪ್ರಾಧಿಕಾರದ್ದು, ಇನ್ನೊಂದು ಅರಣ್ಯ ಇಲಾಖೆಯದು. ಆದರೆ ಮಾರನಹಳ್ಳಿಯ ಕೆಳಗಿನ ಗುಂಡ್ಯ ಕಣಿವೆಯಲ್ಲಿ ನಡೆದುದನ್ನು ನೆನೆದರೆ, ಸಣ್ಣವರ ಮಾತು ಎಲ್ಲಿಯವರೆಗೆ ಹೋಗಬಲ್ಲದೆಂಬುದು ತಿಳಿಯುತ್ತದೆ. ಅಲ್ಲಿ ೨೦೦ ಮೆಗಾವಾಟಿನ ಜಲವಿದ್ಯುತ್ ಯೋಜನೆಗೆ ೨೦೦೯ರಲ್ಲಿ ಶಂಕುಸ್ಥಾಪನೆಯೂ ಆಗಿತ್ತು. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಪಶ್ಚಿಮ ಘಟ್ಟ ಪರಿಸರ ತಜ್ಞರ ಸಮಿತಿಯು ೨೦೧೦ರಲ್ಲಿ ಕಣಿವೆಗೆ ಬಂದಿತು; ಸ್ಥಳೀಯರು ತಮ್ಮ ಕಾಡು, ಹೊಳೆ, ಗದ್ದೆಗಳ ವಿಷಯವನ್ನು ಸಮಿತಿಯ ಎದುರಿನಲ್ಲಿ ಹೇಳಿದರು; ೨೦೧೧ರ ವರದಿಯು ಆ ಯೋಜನೆಗೆ ಅನುಮತಿ ಸಲ್ಲದೆಂದು ಬರೆಯಿತು. ಅದೇ ವರದಿ ಇನ್ನೊಂದು ಮಾತನ್ನೂ ಒತ್ತಿ ಹೇಳಿತ್ತು: ಘಟ್ಟದ ಯಾವ ಭಾಗವನ್ನು ಎಷ್ಟು ಕಾಪಾಡಬೇಕೆಂಬುದನ್ನು ಮೇಲಿನಿಂದ ಹೇರದೆ ಗ್ರಾಮಸಭೆಗಳನ್ನು ಕೇಳಿ ತೀರ್ಮಾನಿಸಬೇಕು.

ಆ ಮಾತು ಅನಂತರ ಮರೆತುಹೋದದ್ದು ದುರ್ದೈವ. ಗಾಡ್ಗೀಳ್ ವರದಿಯನ್ನು ಪರಿಶೀಲಿಸಲು ನೇಮಕವಾದ ಕಸ್ತೂರಿರಂಗನ್ ಸಮಿತಿಯ ವರದಿ ಬಂದು, ೨೦೧೪ರಿಂದ ಮೊದಲ್ಗೊಂಡು ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಮತ್ತೆ ಮತ್ತೆ ಹೊರಟಿತು. ೨೦೨೪ರ ಜುಲೈ ಅಂತ್ಯದಲ್ಲಿ ಹೊರಟದ್ದು ಆರನೆಯದು. ಸಕಲೇಶಪುರ ತಾಲ್ಲೂಕಿನ ಹಳ್ಳಿಗಳು ಆ ಪಟ್ಟಿಯಲ್ಲಿವೆ. ಪ್ರತಿ ಸಲವೂ ಆಕ್ಷೇಪಣೆಗೆ ಅರವತ್ತು ದಿನಗಳ ಕಾಲಾವಕಾಶ. ಪ್ರತಿ ಸಲವೂ ಒಕ್ಕಲೆಬ್ಬಿಸುತ್ತಾರಂತೆ ಎಂಬ ಗಾಬರಿ ಒಂದು ಕಡೆ, ಕಾಡೆಲ್ಲ ಹೋಯಿತೆಂಬ ಸಂಕಟ ಇನ್ನೊಂದು ಕಡೆ. ಕರಡಿನಲ್ಲಿ ಏನಿದೆಯೆಂಬುದನ್ನು ಕನ್ನಡದಲ್ಲಿ ಓದಿಸಿ ಕೇಳಿದ ಸಭೆಗಳು ಎಷ್ಟಿದ್ದಾವು? ಪರವಾಗಿಯೇ ಆಗಲಿ ವಿರೋಧವಾಗಿಯೇ ಆಗಲಿ, ಸರ್ವೆ ನಂಬರು, ಹಳ್ಳದ ಹೆಸರು, ಕುಸಿದ ಗುಡ್ಡದ ಜಾಗ ಇವುಗಳನ್ನು ನಮೂದಿಸಿ ಗ್ರಾಮಸಭೆ ಮಾಡಿದ ಒಂದು ನಿರ್ಣಯಕ್ಕೆ, ಹೆದ್ದಾರಿಯಲ್ಲಿ ಅರ್ಧ ದಿನ ಮಾಡಿದ ರಸ್ತೆ ತಡೆಗಿಂತ ಹೆಚ್ಚಿನ ತೂಕವಿದೆಯೆಂಬುದು ನನ್ನ ದೃಢವಾದ ನಂಬಿಕೆ. ರಸ್ತೆ ತಡೆ ಸಂಜೆಗೆ ತೆರವಾಗುತ್ತದೆ. ನಿರ್ಣಯವಾದರೋ ಕಡತದಲ್ಲಿ ಉಳಿಯುತ್ತದೆ, ಮುಂದೊಂದು ದಿನ ನ್ಯಾಯಾಲಯವೂ ಅದನ್ನು ಕೇಳಿ ತರಿಸಿಕೊಳ್ಳಬಹುದು.

ಇಷ್ಟು ಹಳ್ಳಿಯವರ ಮಾತಾಯಿತು. ಪಟ್ಟಣದವರ ಸ್ಥಿತಿ ಇದಕ್ಕಿಂತ ವಿಚಿತ್ರವಾದುದು. ೧೯೯೩ರ ಜೂನ್ ೧ರಂದು ಜಾರಿಗೆ ಬಂದ ೭೪ನೆಯ ತಿದ್ದುಪಡಿಯು ನಗರಗಳಿಗೂ ಸ್ವರಾಜ್ಯವನ್ನು ಕೊಟ್ಟಿತಾದರೂ, ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿದ್ದು ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. ಸಕಲೇಶಪುರದ ಪುರಸಭೆಯಾಗಲಿ, ಆಲೂರಿನ ಪಟ್ಟಣ ಪಂಚಾಯಿತಿಯಾಗಲಿ ಆ ಲೆಕ್ಕಕ್ಕೆ ಬಹುದೂರ. ಆದುದರಿಂದ ಘಾಟಿಯ ಅಂಚಿನ ಕೂಲಿಯವಳಿಗೆ ಸಂವಿಧಾನವೇ ಕೊಟ್ಟ ಸಭೆಯ ಸ್ಥಾನ, ಸಕಲೇಶಪುರದ ಪೇಟೆಯಲ್ಲಿ ಅಂಗಡಿಯಿಟ್ಟು ಕಂದಾಯ ಕಟ್ಟುವವನಿಗೆ ಇಲ್ಲ. ಮೂರು ಲಕ್ಷ ದಾಟಿದ ಬೆಂಗಳೂರಿನಲ್ಲಿಯಾದರೂ ವಾರ್ಡ್ ಸಮಿತಿಗಳು ತಾವಾಗಿ ಬರಲಿಲ್ಲ. ಕಸದ ಮೊಕದ್ದಮೆಯಲ್ಲಿ ಉಚ್ಚ ನ್ಯಾಯಾಲಯವು ಒತ್ತಾಯಿಸಬೇಕಾಯಿತು, ೨೦೧೬ರಲ್ಲಿ ನಿಯಮಗಳು ಹೊರಡಬೇಕಾಯಿತು. ನೆರೆಯ ಕೇರಳವು ಬೇರೆ ದಾರಿ ಹಿಡಿಯಿತು. ೧೯೯೪ರ ಅದರ ಪುರಸಭಾ ಕಾನೂನು ಒಂದು ಲಕ್ಷ ಮೀರದ ಪಟ್ಟಣಗಳಲ್ಲಿ ಪ್ರತಿ ವಾರ್ಡಿನ ಮತದಾರರೆಲ್ಲರೂ ಸೇರಿದ ವಾರ್ಡ್ ಸಭೆಗೆ ಎಡೆಗೊಟ್ಟಿದೆ; ೧೯೯೬ರಲ್ಲಿ ಮೊದಲಾದ ಜನಕೀಯ ಯೋಜನೆ ಅದಕ್ಕೆ ಹಣದ ಬಲವನ್ನೂ ತುಂಬಿತು. ಅಂದರೆ ಕಾಸರಗೋಡು ಪೇಟೆಯಲ್ಲಿ ವಾಸಿಸುವ ಕನ್ನಡಿಗನಿಗೆ ತನ್ನ ವಾರ್ಡಿನ ಸಭೆಯಲ್ಲಿ ಎದ್ದು ನಿಲ್ಲುವ ಹಕ್ಕಿದೆ. ದೂರದ ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ನಗರವು ೧೯೮೯ರಿಂದ ನಿವಾಸಿಗಳನ್ನು ಕೂಡಿಸಿಕೊಂಡು ಆಯವ್ಯಯದ ಆದ್ಯತೆಗಳನ್ನು ಗೊತ್ತುಮಾಡಿದುದನ್ನು ಪ್ರಪಂಚವೆಲ್ಲ ಹೊಗಳುತ್ತದೆ, ಹೊಗಳಲಿ. ನಮಗೆ ಕಾಸರಗೋಡಿನಷ್ಟು ಹತ್ತಿರದ ದೃಷ್ಟಾಂತವೇ ಸಾಕು.

ಶಾಸನ ಬರುವವರೆಗೆ ಪಟ್ಟಣಿಗರು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಪುರಸಭೆಯ ಸದಸ್ಯರು ತಮ್ಮ ವಾರ್ಡಿನವರನ್ನು ಸೇರಿಸಿ ಮಾತಾಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ಇದಲ್ಲದೆ, ನಮ್ಮ ರಾಜ್ಯದ ಪುರಸಭೆಗಳಲ್ಲಿ ಬಜೆಟ್ ಮಂಡನೆಗೆ ಮುಂಚೆ ಸಾರ್ವಜನಿಕರ ಸಲಹೆ ಕೇಳುವ ಪೂರ್ವಭಾವಿ ಸಭೆಯ ಪದ್ಧತಿಯಿದೆ. ಅಲ್ಲಿಗೆ ಹತ್ತಾರು ಜನ ಬರುವುದೇ ದೊಡ್ಡದು. ಬಂದವರು ಬೀದಿನಾಯಿ, ಬೀದಿದೀಪ, ಬಸ್ ನಿಲ್ದಾಣದ ಶೌಚಾಲಯಗಳ ಮಾತೆತ್ತಿ ಹಿಂದಿರುಗುತ್ತಾರೆ. ಆ ಮಾತುಗಳೂ ಅವಶ್ಯಕವೇ. ಆದರೆ ಹೇಮಾವತಿಯ ದಡದಲ್ಲಿರುವ ಪಟ್ಟಣದಲ್ಲಿ, ಊರಿನ ಚರಂಡಿಯ ನೀರು ಹೊಳೆಗೆ ಸೇರುವ ಮುನ್ನ ಎಲ್ಲಿ ಶುದ್ಧಿಯಾಗುತ್ತದೆ, ವಾರದ ಕೊನೆಯಲ್ಲಿ ಬರುವ ಪ್ರವಾಸಿಗರು ಬಿಟ್ಟು ಹೋಗುವ ಕಸದ ಖರ್ಚನ್ನು ಯಾರು ಹೊರುತ್ತಾರೆ, ಹಿಂದಿನ ವರ್ಷ ತೆಗೆದಿಟ್ಟ ಹಣದಲ್ಲಿ ಎಷ್ಟು ವ್ಯಯವಾಗದೆ ಉಳಿಯಿತು ಎಂಬ ಪ್ರಶ್ನೆಗಳನ್ನೂ ಅಲ್ಲಿ ಕೇಳಬೇಕು. ಹಿಂದಿನ ಬಜೆಟ್ ಪುಸ್ತಕವನ್ನು ಮೊದಲೇ ತರಿಸಿ ಓದಿಕೊಂಡು ಹೋದ ನಾಲ್ಕು ಜನರಿದ್ದರೆ ಸಭೆಯ ದನಿಯೇ ಬದಲಾಗುತ್ತದೆ.

ಪ್ರತಿನಿಧಿಗಳೇ ಇಲ್ಲದ ಕಾಲದಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಸ್ಥಳೀಯ ಸಂಸ್ಥೆಯ ಐದು ವರ್ಷ ತುಂಬುವ ಮೊದಲೇ ಚುನಾವಣೆ ಮುಗಿದಿರಬೇಕೆಂದು ಸಂವಿಧಾನ ಹೇಳುತ್ತದೆ. ಹೀಗಿದ್ದರೂ ೨೦೧೬ರಲ್ಲಿ ಆಯ್ಕೆಯಾದ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿ ೨೦೨೧ರಲ್ಲಿ ತೀರಿದ ಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಕಳೆಯಿತು. ಬೆಂಗಳೂರಿನ ಮಹಾನಗರ ಪಾಲಿಕೆಯ ಅವಧಿ ೨೦೨೦ರ ಸೆಪ್ಟೆಂಬರಿನಲ್ಲಿ ತೀರಿ ಅಲ್ಲಿಯೂ ಹಾಗೆಯೇ ಆಯಿತು. ಪಂಚಾಯಿತಿಯ ಸದಸ್ಯರಿಗೆ ಅವಧಿಯಿದೆ. ಗ್ರಾಮಸಭೆಯ ಸದಸ್ಯರಿಗೆ ಅಂಥ ಅವಧಿಯೆಂಬುದಿಲ್ಲ. ಆಡಳಿತಾಧಿಕಾರಿ ಬಂದು ಕುಳಿತಾಗಲೂ ಮತದಾರರ ಪಟ್ಟಿ ಊರಿನಲ್ಲಿಯೇ ಇರುತ್ತದೆ, ಅದರಲ್ಲಿ ಹೆಸರಿರುವವರು ಸಭೆ ಕರೆಯಿರೆಂದು ಕೇಳಬಹುದು.

ಇಂಥ ಕೇಳಿಕೆಯಲ್ಲಿ ನಮ್ಮ ಮಕ್ಕಳು ಹಿರಿಯರಿಗಿಂತ ಮುಂದಾಗಿದ್ದಾರೆ. ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಗಳಲ್ಲಿ ಶಾಲೆಯ ಹುಡುಗ ಹುಡುಗಿಯರು ಕಾಲುಸಂಕ ಬೇಕು, ಬಸ್ಸು ಹೊತ್ತಿಗೆ ಸರಿಯಾಗಿ ಬರಬೇಕು, ಶೌಚಾಲಯಕ್ಕೆ ಬಾಗಿಲು ಹಾಕಿಸಿಕೊಡಿ ಎಂದು ಅಧಿಕಾರಿಗಳ ಮುಖ ನೋಡಿ ಕೇಳುತ್ತಾರೆ. ಅವರು ಕೇಳಿದ್ದನ್ನು ಬರೆದಿಡಲಾಗುತ್ತದೆ. ಅವರಿಗೆ ಮತವಿಲ್ಲ, ಬೆನ್ನು ಹತ್ತುವುದು ದೊಡ್ಡವರ ಕೆಲಸ. ಮುಂದಿನ ಗ್ರಾಮಸಭೆ ಆರಂಭವಾದೊಡನೆ ಮಕ್ಕಳ ಬೇಡಿಕೆಗಳ ಅನುಪಾಲನಾ ವರದಿಯನ್ನು ಓದಿರೆಂದು ಕೇಳಬೇಕು. ಆಮೇಲೆ ಹಿಂದಿನ ಸಭೆಯ ನಡವಳಿಯ ವರದಿ. ಇವೆರಡೂ ಆಗದೆ ಹೊಸ ವಿಷಯ ಎತ್ತಿಕೊಳ್ಳಬೇಡಿರೆಂದು ಇಪ್ಪತ್ತು ಜನ ಒಟ್ಟಾಗಿ ಹೇಳಿದರೆ, ವೇದಿಕೆಯ ಮೇಲಿರುವವರು ಆ ಪುಸ್ತಕವನ್ನು ತೆರೆಯಲೇಬೇಕಾಗುತ್ತದೆ.